ಬೋವಾ, ಬಾಲ್ ಪೈಥಾನ್, ಕಾರ್ನ್ ಸ್ನೇಕ್: ಹುಬ್ಬಳ್ಳಿ-ಧಾರವಾಡದ ಮನೆಗೆ ಯಾವ ಹಾವು ಹೊಂದುತ್ತದೆ?

ಬೋವಾ ಎಂಬ ದೊಡ್ಡ ವಿದೇಶಿ ಹಾವನ್ನು ಸಾಕುವ ಆಸೆ ಇಟ್ಟುಕೊಂಡು ವಿಚಾರಿಸತೊಡಗಿದವರು ಬಹುಬೇಗ ಗೊಂದಲಕ್ಕೆ ಬೀಳುತ್ತಾರೆ. ಬಾಲ್ ಪೈಥಾನ್ ಸುಲಭ ಎಂದು ಒಬ್ಬರು ಹೇಳುತ್ತಾರೆ, ಕಾರ್ನ್ ಸ್ನೇಕ್‌ಗೆ ಖರ್ಚು ಕಡಿಮೆ ಎಂದು ಇನ್ನೊಬ್ಬರು. ಒಂದು ಜೋಡಿ ಬೋವಾ ತಂದು ಮರಿ ಮಾಡಿಸಿದರೆ ಹಾಕಿದ ಹಣ ವಾಪಸು ಬರುತ್ತದೆ ಎಂದು ಆಸೆ ಹುಟ್ಟಿಸುವವರೂ ಇದ್ದಾರೆ. ಹುಬ್ಬಳ್ಳಿಯ ವಿದ್ಯಾನಗರದ ಬಾಡಿಗೆ ಫ್ಲಾಟಿನಲ್ಲಿರುವವರಿಗೆ, ಧಾರವಾಡದ ಮಾಳಮಡ್ಡಿಯ ಹಳೆಯ ಹೆಂಚಿನ ಮನೆಯವರಿಗೆ, ಗದಗದಲ್ಲಿ ಕಾದ ತಾರಸಿಯ ಕೆಳಗೆ ವಾಸಿಸುವವರಿಗೆ ಒಂದೇ ಉತ್ತರ ಕೊಡಲು ಬರುವುದಿಲ್ಲ.

ಬೋವಾಗಳ ಜೊತೆ ಬಹಳ ಕಾಲ ಕಳೆದವನು ನಾನು. ಅವುಗಳ ಮೇಲೆ ನನಗಿರುವ ಪ್ರೀತಿ ಬೇರೆ ಯಾವ ಹಾವಿನ ಮೇಲೂ ಇಲ್ಲ. ಆದರೂ ಸಲಹೆ ಕೇಳಿದವರಲ್ಲಿ ಬಹುಪಾಲು ಜನರಿಗೆ ಬೋವಾ ಬೇಡ ಎನ್ನುತ್ತೇನೆ. ಬೋವಾದ ಸ್ವಭಾವ ಕೆಟ್ಟದ್ದು ಎಂಬ ಕಾರಣಕ್ಕಲ್ಲ. ಮನೆಯ ಜಾಗ, ಊರಿನ ಹವೆ, ಕಾಗದಪತ್ರ, ಮುಂದಿನ ಇಪ್ಪತ್ತೈದು ವರ್ಷಗಳ ಬದುಕು, ಇವು ನಾಲ್ಕೂ ಕೂಡಿ ಬರುವ ಮನೆಗಳು ಕಡಿಮೆ.

ಕಾಗದವಿಲ್ಲದ ಹಾವು ಲೆಕ್ಕಕ್ಕೇ ಇಲ್ಲ

ಮೊದಲನೆಯ ಅಳತೆಗೋಲು ಕಾನೂನು. ಇದರಲ್ಲಿ ಸೋತ ಹಾವನ್ನು ಬೇರೆ ಯಾವ ಗುಣದಿಂದಲೂ ಗೆಲ್ಲಿಸಬಾರದು.

ನಮ್ಮ ನೆಲದ ಹಾವುಗಳನ್ನು ಮೊದಲೇ ಪಟ್ಟಿಯಿಂದ ತೆಗೆಯೋಣ. ಹೆಬ್ಬಾವು, ನಾಗರಹಾವು, ಕೇರೆಹಾವು, ಮಣ್ಣುಮುಕ್ಕ ಹಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿಯುವುದು, ಮನೆಯಲ್ಲಿಡುವುದು, ಮಾರುವುದು ಮೂರೂ ಅಪರಾಧ. ಹೆಬ್ಬಾವು ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಕನಿಷ್ಠ ಮೂರು ವರ್ಷ ಸೆರೆವಾಸವಿದೆ, ಅದು ಏಳು ವರ್ಷದವರೆಗೂ ಹೋಗಬಹುದು. ಎರಡು ತಲೆ ಹಾವು ಎಂದು ಕರೆದು, ಮನೆಗೆ ಅದೃಷ್ಟ ತರುತ್ತದೆ, ನಿಧಿ ತೋರಿಸುತ್ತದೆ ಎಂದು ನಂಬಿಸಿ ಮಣ್ಣುಮುಕ್ಕ ಹಾವನ್ನು ಲಕ್ಷಗಟ್ಟಲೆಗೆ ಮಾರಲು ಹೊರಟವರು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಾರೆ. ಆ ಪಾಪದ ಹಾವಿಗೆ ಇರುವುದು ಒಂದೇ ತಲೆ. ಬಾಲ ಮೊಂಡಾಗಿರುವುದು ಶತ್ರುವಿನ ಕಣ್ಣು ತಪ್ಪಿಸಲು. ಹೊಲದ ಇಲಿ ತಿಂದು ರೈತನಿಗೆ ಉಪಕಾರ ಮಾಡುವ ಜೀವಿಯನ್ನು ಈ ಮೂಢನಂಬಿಕೆ ಸಾಯಿಸುತ್ತಿದೆ.

ವಿದೇಶಿ ಹಾವುಗಳ ಕಥೆ ಬೇರೆ. 2022ರ ತಿದ್ದುಪಡಿಯ ಮೂಲಕ, ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು ನಮ್ಮ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಬಂದವು. ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂಬ ನಿಯಮಗಳು 2024ರ ಫೆಬ್ರುವರಿಯಲ್ಲಿ ಹೊರಬಿದ್ದವು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು; ಅದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಹೋಗುತ್ತದೆ. ಪ್ರಾಣಿ ನಿಮ್ಮ ಕೈಗೆ ಬಂದ ಮೂವತ್ತು ದಿನಗಳೊಳಗೆ ಅರ್ಜಿ ಹೋಗಿರಬೇಕು. ಮರಿ ಹುಟ್ಟಿದರೆ, ಪ್ರಾಣಿ ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು.

ಬೋವಾ, ಬಾಲ್ ಪೈಥಾನ್, ಕೀನ್ಯಾದ ಸ್ಯಾಂಡ್ ಬೋವಾ ಮೂರೂ ಸೈಟಿಸ್‌ನ ಎರಡನೆಯ ಪಟ್ಟಿಯಲ್ಲಿವೆ. ಅರ್ಜೆಂಟೀನಾ ಭಾಗದ ಬೋವಾ ಉಪಜಾತಿ ಒಂದನೆಯ ಪಟ್ಟಿಯಲ್ಲಿದೆ. ಅದರ ಸುದ್ದಿಗೇ ಹೋಗಬೇಡಿ. ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ, ಹಾಗಾಗಿ ಕಾಗದದ ಹೊರೆ ಕಡಿಮೆ. ಆದರೂ ಅದು ದೇಶದೊಳಗೆ ಹೇಗೆ ಬಂತು ಎಂಬುದಕ್ಕೆ ರಸೀದಿ, ದಾಖಲೆ ಬೇಕೇ ಬೇಕು. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ಹತ್ತು ಹಳದಿ ಅನಕೊಂಡಾಗಳನ್ನು ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ಹಿಡಿದರು. ಅನಕೊಂಡಾ ಬೋವಾಗಳದೇ ಕುಟುಂಬ. ಹೀಗೆ ಬಟ್ಟೆಯ ನಡುವೆ ಉಸಿರುಗಟ್ಟಿ ಬಂದ ಹಾವುಗಳೇ ಕೊನೆಗೆ ಕಾಗದವಿಲ್ಲದೆ, ಅಗ್ಗದ ಬೆಲೆಗೆ ಮಾರಾಟಕ್ಕೆ ನಿಲ್ಲುತ್ತವೆ. ನೋಂದಣಿ ಸಂಖ್ಯೆ ಕೇಳಿದ ಕೂಡಲೇ ಮಾತು ಬದಲಿಸುವವರಿಂದ ದೂರವಿರಿ, ಬೆಲೆ ಎಷ್ಟೇ ಕಡಿಮೆ ಇರಲಿ.

ಉಳಿದ ಅಳತೆಗೋಲುಗಳು

ಅಂಗಡಿಯಲ್ಲಿ ನೋಡಿದ ಮರಿಯ ಅಳತೆಯನ್ನು ಮರೆತುಬಿಡಿ. ಪೂರ್ತಿ ಬೆಳೆದ ಹಾವಿಗೆ ಬೇಕಾದ ಜಾಗವನ್ನು ಗೋಡೆಯ ಪಕ್ಕ ಟೇಪು ಹಿಡಿದು ಅಳೆಯಿರಿ.

ಹವೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಬೇರೆ ದೇಶದವರು ಬರೆದ ಸಲಹೆಗಳು ನಮ್ಮಲ್ಲಿ ತಪ್ಪುವುದು ಇಲ್ಲಿಯೇ. ಅಲ್ಲಿಯವರಿಗೆ ಚಳಿಯದೇ ಚಿಂತೆ. ನಮ್ಮಲ್ಲಿ ಹಾವನ್ನು ಕೊಲ್ಲುವುದು ಬಿಸಿ. ಏಪ್ರಿಲ್‌ನಲ್ಲಿ ಗದಗದ, ಹುಬ್ಬಳ್ಳಿಯ ಮೇಲಂತಸ್ತಿನ ಆರ್‌ಸಿಸಿ ಕೋಣೆಯ ಒಳಗೇ ಮಧ್ಯಾಹ್ನ 37, 38 ಡಿಗ್ರಿ ಆಗುತ್ತದೆ. ಬೋವಾದ ಗೂಡಿನಲ್ಲಿ ಬಿಸಿ ಕಾಯುವ ತುದಿಯಲ್ಲಿ 31ರಿಂದ 33 ಡಿಗ್ರಿ ಇರಬೇಕು, ತಂಪಿನ ತುದಿಯಲ್ಲಿ 25ರಿಂದ 27. ಇಡೀ ಕೋಣೆಯೇ 37 ಆದರೆ ತಂಪಿನ ತುದಿ ಎಂಬುದೇ ಉಳಿಯುವುದಿಲ್ಲ. ಹೀಟರ್ ಆರಿಸಿದರೂ ಪ್ರಯೋಜನವಿಲ್ಲ. ಹಾವಿಗೆ ಓಡಿಹೋಗಲು ಜಾಗವಿಲ್ಲ. ಇಂಥ ಕೋಣೆ ಬಿಟ್ಟು ಬೇರೆ ಇಲ್ಲದವರು ಹವಾನಿಯಂತ್ರಣಕ್ಕೆ ದುಡ್ಡು ತೆಗೆದಿಡಬೇಕು, ಇಲ್ಲವೇ ಹಾವಿನ ಆಸೆ ಬಿಡಬೇಕು.

ಧಾರವಾಡದ ಕಷ್ಟ ಬೇರೆ. ಜುಲೈ, ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಆ ಥಂಡಿಯ ಜೊತೆ ತೇವ ಸೇರಿದರೆ ಹಾವಿಗೆ ಉಸಿರಾಟದ ಸೋಂಕು ಬರುತ್ತದೆ: ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಸಿಳ್ಳೆಯಂಥ ಸದ್ದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗಿನ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಹೆಂಚಿನ ಮನೆಯ ಒಳಗೂ ಚಳಿ ಇಳಿಯುತ್ತದೆ. ಆಗ ಥರ್ಮೋಸ್ಟಾಟ್ ಇರುವ ಹೀಟರ್ ಅಗತ್ಯ. ಥರ್ಮೋಸ್ಟಾಟ್ ಇಲ್ಲದ ಹೀಟರ್ ಹಾವಿನ ಹೊಟ್ಟೆಯನ್ನು ಸುಡುತ್ತದೆ. ಹೆಸ್ಕಾಂ ವಿದ್ಯುತ್ ಕೈಕೊಟ್ಟಾಗ ಕೆಲವು ಗಂಟೆ ತಡೆಯುವ ಇನ್ವರ್ಟರ್ ಇದ್ದರೆ ಒಳ್ಳೆಯದು.

ವಿದ್ಯುತ್ ಖರ್ಚನ್ನು ಲೆಕ್ಕ ಹಾಕಿ ನೋಡಿ. 100 ವಾಟ್‌ನ ಹೀಟರ್ ದಿನಕ್ಕೆ ಹನ್ನೆರಡು ಗಂಟೆ ಉರಿದರೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ಈ 36 ಯೂನಿಟ್ ಚಿಕ್ಕ ಸಂಖ್ಯೆಯಲ್ಲ. ಒಟ್ಟು ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಚಳಿಗಾಲಕ್ಕೆ ಮೊದಲು ನಿಮ್ಮ ಹಳೆಯ ಬಿಲ್ಲುಗಳನ್ನು ತೆಗೆದು ನೋಡಿ.

ಆಹಾರದ ವಿಷಯವನ್ನು ಮನೆಯವರ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು. ಇಲ್ಲಿ ಹೋಲಿಸುವ ಎಲ್ಲ ಹಾವುಗಳೂ ಇಡಿಯ ಇಲಿಯನ್ನೇ ತಿನ್ನುತ್ತವೆ. ಹಾಲು, ಮೊಟ್ಟೆ, ಕೋಳಿಮಾಂಸದ ತುಂಡು ಯಾವುದೂ ಅದಕ್ಕೆ ಬದಲಿಯಲ್ಲ. ಪಂಚಮಿ ಹಬ್ಬಕ್ಕೆ ಬಂದ ನೆಂಟರು ಭಕ್ತಿಯಿಂದ ಹಾಲು ಇಡಲು ಬರುತ್ತಾರೆ. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ ಎಂದು ಹಿರಿಯರಿಗೆ ಗೌರವದಿಂದ ತಿಳಿಸಿ ಹೇಳಿ. ಸತ್ತ ಇಲಿಗಳನ್ನು ಫ್ರೀಜರಿನಲ್ಲಿಟ್ಟು, ಬೇಕಾದಾಗ ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಕೊಡುವುದು ಸರಿಯಾದ ಕ್ರಮ. ಜೀವಂತ ಇಲಿ ಹಾವನ್ನು ಕಚ್ಚಿ ಗಾಯ ಮಾಡುತ್ತದೆ, ಇಲಿಗೂ ಅದು ಹಿಂಸೆ. ಸಸ್ಯಾಹಾರಿ ಮನೆಯಲ್ಲಿ ಅಡುಗೆಮನೆಯ ಫ್ರಿಜ್ಜಿನೊಳಗೆ ಇಲಿ ಇಡಲು ಅವ್ವ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಪ್ರತ್ಯೇಕ ಚಿಕ್ಕ ಫ್ರೀಜರ್‌ಗೆ ಜಾಗವಿಲ್ಲ, ಮನಸ್ಸಿಲ್ಲ ಎಂದಾದರೆ ಹೋಲಿಕೆ ಅಲ್ಲಿಗೇ ನಿಲ್ಲಲಿ. ಇನ್ನೊಂದು ಎಚ್ಚರಿಕೆ: ಅಮರಗೋಳದ ಎಪಿಎಂಸಿ ಗೋದಾಮುಗಳ ಕಡೆ ಇಲಿಗೇನು ಕೊರತೆಯಿಲ್ಲ ಎಂದು ಯಾರಾದರೂ ಹಿಡಿದು ತಂದುಕೊಟ್ಟರೆ ತೆಗೆದುಕೊಳ್ಳಬೇಡಿ. ಆ ಇಲಿಯ ಹೊಟ್ಟೆಯಲ್ಲಿ ಪಾಷಾಣವಿದ್ದರೆ ಹಾವೂ ಸಾಯುತ್ತದೆ.

ಹಸು, ಎಮ್ಮೆ, ನಾಯಿಗೆ ಒಳ್ಳೆಯ ವೈದ್ಯರು ಅವಳಿ ನಗರದಲ್ಲಿದ್ದಾರೆ. ಹಾವಿಗೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ ಅನುಭವ ಇರುವವರು ಸಿಗುವುದು ಕಷ್ಟ. ಹಾವು ತರುವ ಮೊದಲೇ ಒಬ್ಬ ವೈದ್ಯರನ್ನು ಕಂಡು, ನೋಡುತ್ತೇನೆ ಎಂಬ ಮಾತು ಪಡೆಯಿರಿ.

ಕೊನೆಯದು ಆಯುಷ್ಯ. ಫಿಲಡೆಲ್ಫಿಯಾ ಮೃಗಾಲಯದಲ್ಲಿದ್ದ ಒಂದು ಬೋವಾ ನಲವತ್ತು ವರ್ಷ ದಾಟಿ ಬದುಕಿ 1977ರಲ್ಲಿ ಸತ್ತಿತು. ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ 1961ರಲ್ಲಿ ಬಂದ ಬಾಲ್ ಪೈಥಾನ್ 2020ರಲ್ಲಿ ಮೊಟ್ಟೆಯಿಟ್ಟಿತು. ಓದು, ನೌಕರಿ, ಮದುವೆ, ವರ್ಗಾವಣೆ ಎಲ್ಲವೂ ಇನ್ನೂ ಮುಂದಿರುವ ಇಪ್ಪತ್ತರ ಹರೆಯದವರು ಈ ಎರಡು ಸಂಗತಿಗಳನ್ನು ಎರಡು ಸಲ ಓದಬೇಕು.

ಬೋವಾ

ಬೋವಾ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುವುದು ಎರಡು ಬಗೆ. ಮಧ್ಯ ಅಮೆರಿಕ ಮತ್ತು ಕೊಲಂಬಿಯಾ ಕಡೆಯದು ಬೋವಾ ಇಂಪರೇಟರ್. ಸುರಿನಾಮ್, ಗಯಾನಾ, ಪೆರು ಕಡೆಯದು ಕೆಂಪು ಬಾಲದ ನಿಜವಾದ ಬೋವಾ ಕನ್‌ಸ್ಟ್ರಿಕ್ಟರ್. ಎರಡನೆಯದರ ಬಾಲದ ಬಣ್ಣ ಕಣ್ಣು ಕೀಳಲಾಗದಷ್ಟು ಚೆಲುವು. ಆದರೆ ಹೆಣ್ಣು ಏಳರಿಂದ ಹತ್ತು ಅಡಿ ಬೆಳೆಯುತ್ತದೆ, ತೇವ ಮತ್ತು ಬಿಸಿಯಲ್ಲಿ ಸ್ವಲ್ಪ ಏರುಪೇರಾದರೂ ತಿಂದದ್ದನ್ನು ಕಕ್ಕುತ್ತದೆ. ಮೊದಲ ಸಲ ಸಾಕುವವರಿಗೆ ಇದು ಬೇಡವೇ ಬೇಡ.

ಇಂಪರೇಟರ್ ತಾಳಿಕೆಯ ಹಾವು. ಇದರಲ್ಲಿ ಹೆಣ್ಣು ಆರರಿಂದ ಎಂಟು ಅಡಿ, ಗಂಡು ನಾಲ್ಕೂವರೆಯಿಂದ ಆರು ಅಡಿ. ಈ ವ್ಯತ್ಯಾಸ ಬಹಳ ದೊಡ್ಡದು, ಆದರೂ ಕೊಳ್ಳುವವರು ಇದನ್ನು ಕೇಳುವುದೇ ಇಲ್ಲ. ಹೆಣ್ಣಿಗೆ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಗೂಡು ಕನಿಷ್ಠ. ಗಂಡಿಗೆ ಐದು ಅಡಿ ಉದ್ದದ್ದು ನಡೆಯುತ್ತದೆ. ಹೆಣ್ಣು ದೊಡ್ಡ ಇಲಿಯನ್ನು ತಿನ್ನುತ್ತದೆ, ಗಂಡಿಗೆ ಅದರ ಅರ್ಧ ತೂಕದ್ದು ಸಾಕು. ಎತ್ತಲು, ಗೂಡು ತೊಳೆಯಲು, ವೈದ್ಯರಲ್ಲಿಗೆ ಒಯ್ಯಲು ಗಂಡು ಒಬ್ಬರ ಕೈಯಲ್ಲಿ ಆಗುವ ಹಾವು. ಆರು ಅಡಿ ದಾಟಿದ ಹೆಣ್ಣನ್ನು ಹೊರತೆಗೆಯುವಾಗ ಇನ್ನೊಬ್ಬರು ಜೊತೆಗಿರಲೇಬೇಕು. ಬೋವಾ ಬೇಟೆಯನ್ನು ಉಸಿರುಗಟ್ಟಿಸಿ ಕೊಲ್ಲುತ್ತದೆ ಎಂಬುದು ಹಳೆಯ ತಿಳಿವಳಿಕೆ. ಅದರ ಬಿಗಿತ ರಕ್ತದ ಹರಿವನ್ನೇ ನಿಲ್ಲಿಸುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪಳಗಿದ ಹಾವು ಸಾಕಿದವರನ್ನು ಬೇಟೆ ಎಂದು ಎಣಿಸುವುದಿಲ್ಲ, ನಿಜ. ಕೈಗೆ ಇಲಿಯ ವಾಸನೆ ಹತ್ತಿದ್ದರೆ ಆ ಮಾತು ಸುಳ್ಳಾಗುತ್ತದೆ.

ಸ್ವಭಾವದಲ್ಲಿ ಬೋವಾಗೆ ಸಾಟಿಯಿಲ್ಲ. ನಿಧಾನ, ಗಂಭೀರ, ಕುತೂಹಲದ ಪ್ರಾಣಿ. ಗೂಡಿನಲ್ಲಿ ಗಟ್ಟಿ ಕೊಂಬೆ ಇಟ್ಟರೆ ಹತ್ತಿ ಮಲಗುತ್ತದೆ, ಸಂಜೆ ಹೊರಬಂದು ಕೋಣೆಯ ಓಡಾಟ ನೋಡುತ್ತದೆ. ಇದೇ ಕಾರಣಕ್ಕೆ ನಾನು ಬೋವಾಕ್ಕೆ ಒಲಿದದ್ದು. ಆದರೆ ಅದಕ್ಕೆ 60ರಿಂದ 70 ಶೇಕಡಾ ತೇವ ಬೇಕು. ಧಾರವಾಡದಲ್ಲಿ ಮಳೆಗಾಲದ ಗಾಳಿಯೇ ಅದನ್ನು ಕೊಡುತ್ತದೆ, ಬಿಸಿಯನ್ನು ಮಾತ್ರ ನೀವು ಕೊಡಬೇಕು. ಗದಗ, ನರಗುಂದ ಕಡೆಯ ಬೇಸಿಗೆಯಲ್ಲಿ ಗಾಳಿ ಒಣಗಿ ಪೊರೆ ಚೂರುಚೂರಾಗಿ ಕಿತ್ತುಬರುತ್ತದೆ. ತೆಂಗಿನ ನಾರಿನ ಪುಡಿಯನ್ನು ದಪ್ಪಗೆ ಹಾಸಿ ಕೆಳಪದರಕ್ಕೆ ನೀರು ಹನಿಸಿದರೆ, ಮೇಲೆ ಒಣಗಿದ್ದು ಒಳಗೆ ತೇವ ಉಳಿಯುತ್ತದೆ. ಪೆಟ್ಟಿಗೆಯನ್ನು ಊರಿನ ಬಡಿಗರೇ ಮಾಡಿಕೊಡಬಲ್ಲರು: ನೀರು ತಡೆಯುವ ಮರೈನ್ ಪ್ಲೈವುಡ್, ಒಳಗೆ ಲ್ಯಾಮಿನೇಟ್, ಮುಂದೆ ಜಾರುವ ಗಾಜು, ಕೀಲಿ. ಕೀಲಿ ಮರೆಯಬೇಡಿ. ಎರಡು ಬದಿಗೂ ಗಾಳಿಯಾಡುವ ಕಂಡಿ ಇರಲಿ, ಮೇಲ್ಭಾಗವೆಲ್ಲ ಜಾಳಿಗೆ ಬೇಡ. ಇದ್ದರೆ ತೇವವೆಲ್ಲ ಹಾರಿಹೋಗುತ್ತದೆ.

ಬೋವಾಗಳ ದೊಡ್ಡ ಶತ್ರು ಅತಿಯಾದ ಊಟ. ಪೂರ್ತಿ ಬೆಳೆದ ಹಾವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಟ್ಟರೆ ಸಾಕು. ವಾರಕ್ಕೊಂದು ಇಲಿ ತಿನ್ನಿಸಿ ಬೇಗ ಬೆಳೆಸಿದ ಹಾವು ಕೊಬ್ಬಿನಿಂದ ಬೇಗ ಸಾಯುತ್ತದೆ. ಖರ್ಚಿನ ಲೆಕ್ಕ ಹಾಕುವವರಿಗೆ ಇದು ಬೋವಾದ ಪರವಾದ ಅಂಶ: ಗೂಡಿಗೆ ಒಮ್ಮೆ ದೊಡ್ಡ ಹಣ ಹೋಗುತ್ತದೆ, ಊಟಕ್ಕೆ ಅಷ್ಟೇನೂ ಹೋಗುವುದಿಲ್ಲ.

ಬಾಲ್ ಪೈಥಾನ್

ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲಿನ ಹಾವು. ಹೆದರಿದಾಗ ಉಂಡೆಯಾಗಿ ಸುತ್ತಿಕೊಂಡು ತಲೆಯನ್ನು ಒಳಗೆ ಮುಚ್ಚಿಟ್ಟುಕೊಳ್ಳುತ್ತದೆ. ಉದ್ದ ಮೂರರಿಂದ ಐದು ಅಡಿ, ನಾಲ್ಕು ಅಡಿಯ ಗೂಡು ಸಾಕು. ಫ್ಲಾಟಿನಲ್ಲಿರುವವರಿಗೆ ಇದರ ಅಳತೆ ಹೊಂದುತ್ತದೆ. ಬಿಸಿ, ತೇವ ಹೆಚ್ಚುಕಡಿಮೆ ಬೋವಾದಷ್ಟೇ ಬೇಕು. ಆ ಲೆಕ್ಕದಲ್ಲಿ ಉಳಿತಾಯವೇನೂ ಇಲ್ಲ.

ಇದರ ತೊಂದರೆ ಉಪವಾಸ. ಚಳಿಗಾಲ ಬಂತೆಂದರೆ ತಿಂಗಳುಗಟ್ಟಲೆ ತಿನ್ನದೆ ಕುಳಿತುಬಿಡುತ್ತದೆ. ತೂಕ ಇಳಿಯದಿದ್ದರೆ ಅದು ಸಹಜ, ಆದರೆ ಹೊಸಬರು ಗಾಬರಿಯಾಗಿ ದಿನಕ್ಕೊಂದು ಪ್ರಯೋಗ ಮಾಡಿ ಹಾವನ್ನು ಇನ್ನೂ ಹೆದರಿಸುತ್ತಾರೆ. ಸಹನೆ ಕಡಿಮೆ ಇರುವವರಿಗೆ ಬೋವಾ ಮೇಲು; ಆರೋಗ್ಯದ ಬೋವಾ ಊಟ ಬಿಡುವುದು ಅಪರೂಪ. ಹಗಲೆಲ್ಲ ಅಡಗಿಯೇ ಇರುವ ಹಾವನ್ನು ನೋಡಿ ಮಕ್ಕಳಿಗೆ ಬೇಸರವಾಗಬಹುದು, ಅದನ್ನೂ ಮನಸ್ಸಿನಲ್ಲಿಡಿ.

ಬಣ್ಣದ ತಳಿಗಳ ವಿಷಯದಲ್ಲಿ ಒಂದು ಮಾತು. ಬಾಲ್ ಪೈಥಾನ್‌ನ ಸ್ಪೈಡರ್ ಎಂಬ ತಳಿಗೆ ಹುಟ್ಟಿನಿಂದಲೇ ನರದ ದೋಷವಿರುತ್ತದೆ. ತಲೆ ಓಲಾಡುತ್ತದೆ, ಇಲಿ ಹಿಡಿಯಲು ಹೋಗಿ ಗುರಿ ತಪ್ಪುತ್ತದೆ. ಚೆಂದ ಕಾಣುತ್ತದೆ ಎಂದು ಅದನ್ನು ಕೊಂಡರೆ ಇನ್ನಷ್ಟು ಅಂಥ ಮರಿಗಳನ್ನು ಹುಟ್ಟಿಸಲು ನೀವೇ ದುಡ್ಡು ಕೊಟ್ಟಂತೆ.

ಕಾರ್ನ್ ಸ್ನೇಕ್ ಮತ್ತು ಕೀನ್ಯಾದ ಸ್ಯಾಂಡ್ ಬೋವಾ

ನಮ್ಮ ಹವೆಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್. ಮೂರರಿಂದ ಐದು ಅಡಿ ಉದ್ದವಾದರೂ ಬಳ್ಳಿಯಂತೆ ತೆಳು. ಬೆಚ್ಚನೆಯ ತುದಿಯಲ್ಲಿ 28ರಿಂದ 30 ಡಿಗ್ರಿ ಸಾಕು, ರಾತ್ರಿ 20ಕ್ಕೆ ಇಳಿದರೂ ತಡೆಯುತ್ತದೆ, ಗಾಳಿಯ ತೇವಕ್ಕೆ ಅಷ್ಟೊಂದು ಹಟವಿಲ್ಲ. ಅಂದರೆ ಹುಬ್ಬಳ್ಳಿಯ ನೆಲಮಹಡಿಯ ಮನೆಯಲ್ಲಿ ವರ್ಷದ ಹೆಚ್ಚಿನ ತಿಂಗಳು ಹೀಟರ್ ಬಹುತೇಕ ಉರಿಯುವುದೇ ಇಲ್ಲ. ಚಿಕ್ಕ ಇಲಿ ತಿನ್ನುತ್ತದೆ, ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಕಡಿಮೆ ಬಜೆಟ್ಟಿನವರಿಗೆ, ಮೊದಲ ಸಲದವರಿಗೆ ನಾನು ಮೊದಲು ಹೇಳುವ ಹೆಸರು ಇದು. ತೊಂದರೆ ಎರಡು: ಚುರುಕು ಹೆಚ್ಚು, ಕೈಯಲ್ಲಿ ಒಂದೆಡೆ ನಿಲ್ಲುವುದಿಲ್ಲ; ಬೆರಳು ತೂರುವಷ್ಟು ಸಂದು ಸಿಕ್ಕಿದರೆ ಸಾಕು, ಹೊರಟುಹೋಗುತ್ತದೆ. ತಪ್ಪಿಸಿಕೊಂಡ ಹಾವು ಪಕ್ಕದ ಮನೆಯ ಅಂಗಳದಲ್ಲಿ ಕಂಡರೆ ಅದು ವಿಷವಿಲ್ಲದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮೈಮೇಲೆ ಮಚ್ಚೆಯಿರುವ ಯಾವ ಹಾವನ್ನು ಕಂಡರೂ ಕೊಳಕುಮಂಡಲ ಎಂದೇ ಬಡಿಗೆ ಎತ್ತುವ ಊರು ನಮ್ಮದು.

ಸ್ಯಾಂಡ್ ಬೋವಾ ಚಿಕ್ಕದು, ಹೆಣ್ಣು ಎರಡರಿಂದ ಎರಡೂವರೆ ಅಡಿ, ಗಂಡು ಇನ್ನೂ ಚಿಕ್ಕದು. ಒಣ ಹವೆಯ ಪ್ರಾಣಿ, ಗದಗಕ್ಕೆ ಹೊಂದುತ್ತದೆ, ಮೂರು ಅಡಿಯ ಗೂಡಿನಲ್ಲಿ ಸುಖವಾಗಿರುತ್ತದೆ. ಮಣ್ಣಿನೊಳಗೆ ಹುದುಗಿರುವುದರಿಂದ ನೋಡಲು ಸಿಗುವುದು ಕಡಿಮೆ. ಆದರೆ ನಮ್ಮ ಪ್ರದೇಶದಲ್ಲಿ ಇದಕ್ಕೊಂದು ವಿಶೇಷ ಅಪಾಯವಿದೆ: ನಮ್ಮದೇ ನೆಲದ ಸ್ಯಾಂಡ್ ಬೋವಾಗಳನ್ನು, ಅಂದರೆ ಮಣ್ಣುಮುಕ್ಕ ಹಾವಿನಂಥವನ್ನು, ಇದೇ ಹೆಸರಿನಲ್ಲಿ ಮಾರುವವರಿದ್ದಾರೆ. ಎರಡನ್ನೂ ಬೇರ್ಪಡಿಸಿ ಗುರುತಿಸಲು ಬಾರದವರು ಇದರ ತಂಟೆಗೆ ಹೋಗಬಾರದು. ಗುರುತಿಸಲು ಬಂದರೂ ನೋಂದಣಿ ಪತ್ರವನ್ನು ಗೂಡಿನ ಪಕ್ಕದಲ್ಲೇ ಇಟ್ಟಿರಿ.

ಮರಿ ಮಾಡಿಸುವ ಆಸೆ

ಇಲ್ಲಿ ಬೋವಾಕ್ಕೂ ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ಗಳಿಗೂ ಮೂಲದಲ್ಲೇ ವ್ಯತ್ಯಾಸವಿದೆ. ಬಾಲ್ ಪೈಥಾನ್ ನಾಲ್ಕರಿಂದ ಎಂಟು ಮೊಟ್ಟೆ ಇಡುತ್ತದೆ, ಕಾರ್ನ್ ಸ್ನೇಕ್ ಹತ್ತರಿಂದ ಇಪ್ಪತ್ತು. ಎರಡಕ್ಕೂ ಸುಮಾರು ಎರಡು ತಿಂಗಳು ಇನ್‌ಕ್ಯುಬೇಟರ್ ಬೇಕು. ಮನಸ್ಸು ಬದಲಾದರೆ, ಮರಿಗಳಿಗೆ ಮನೆ ಸಿಗುವುದಿಲ್ಲ ಎಂದು ತಿಳಿದರೆ, ಮೊಟ್ಟೆಯಿಟ್ಟ ದಿನವೇ ತೆಗೆದು ನಿಲ್ಲಿಸಬಹುದು. ಬೋವಾ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಒಂದು ಸೂಲಿಗೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ದಾಟುತ್ತವೆ. ಗರ್ಭ ನಿಂತ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕ್ರಮ ಹೀಗೆ. ಹೆಣ್ಣಿಗೆ ಕನಿಷ್ಠ ನಾಲ್ಕು ವರ್ಷ ತುಂಬಿ ಮೈ ಗಟ್ಟಿಯಾಗಿರಬೇಕು. ಚಳಿಗಾಲದಲ್ಲಿ ರಾತ್ರಿಯ ಉಷ್ಣತೆಯನ್ನು 22, 23ರವರೆಗೆ ಇಳಿಸಿದರೆ ಗಂಡು ಎಚ್ಚೆತ್ತುಕೊಳ್ಳುತ್ತದೆ. ಧಾರವಾಡದಲ್ಲಿ ಇದಕ್ಕೆ ಹೀಟರಿನ ಅಂಕಿಯನ್ನು ಸ್ವಲ್ಪ ತಗ್ಗಿಸಿದರೆ ಸಾಕು. ಕೂಡುವುದು ವಾರಗಟ್ಟಲೆ ನಡೆಯಬಹುದು. ಅಂಡ ಬಿಡುಗಡೆಯಾದಾಗ ಹೆಣ್ಣಿನ ನಡುಮೈ ಒಂದು ದಿನದ ಮಟ್ಟಿಗೆ ಉಬ್ಬುತ್ತದೆ, ಆಮೇಲೆ ಪೊರೆ ಬಿಡುತ್ತದೆ. ಆ ಪೊರೆಯ ದಿನದಿಂದ ಸುಮಾರು 105ರಿಂದ 120 ದಿನಕ್ಕೆ ಹೆರಿಗೆ. ನವೆಂಬರ್, ಡಿಸೆಂಬರ್‌ನಲ್ಲಿ ಕೂಡಿಸಿದರೆ ಬಸಿರಿನ ಕೊನೆಯ ತಿಂಗಳುಗಳು ನಮ್ಮ ಬಿರುಬೇಸಿಗೆಗೆ ಬೀಳುತ್ತವೆ. ಬಸುರಿ ಹಾವು ಬಿಸಿಯ ತುದಿಯಲ್ಲೇ ಮಲಗುತ್ತದೆ. ಅದೇ ಕೋಣೆ 38 ಆದರೆ ಒಳಗಿನ ಮರಿಗಳು ವಿಕಾರವಾಗುತ್ತವೆ ಅಥವಾ ಸಾಯುತ್ತವೆ. ಹುಟ್ಟಿದ ಮರಿ ಒಂದೊಂದೂ ಒಂದು, ಒಂದೂವರೆ ಅಡಿ. ಮೊದಲ ಪೊರೆ ಬಿಟ್ಟ ಮೇಲೆ ಪ್ರತಿಯೊಂದಕ್ಕೂ ಬೇರೆ ಡಬ್ಬಿ, ಬೇರೆ ನೀರು, ಬೇರೆ ಊಟ. ಮೂವತ್ತು ಮರಿಯೆಂದರೆ ಮೂವತ್ತು ಡಬ್ಬಿ, ಎರಡು ವಾರಕ್ಕೊಮ್ಮೆ ಮೂವತ್ತು ಚಿಕ್ಕ ಇಲಿ, ಮೂವತ್ತು ದಾಖಲೆ. ಕೊಳ್ಳುವವನೂ ನೋಂದಾಯಿಸಲು ಸಿದ್ಧನಿರಬೇಕು. ಅಂಥ ಮೂವತ್ತು ಮನೆಗಳು ನಿಮಗೆ ಗೊತ್ತೇ? ತಾಯಿಯ ದಣಿವನ್ನೂ ಮರೆಯಬಾರದು. ಹೆತ್ತ ಹೆಣ್ಣು ಬಹಳಷ್ಟು ತೂಕ ಕಳೆದುಕೊಂಡಿರುತ್ತದೆ. ಒಂದೆರಡು ವರ್ಷ ಅದನ್ನು ಮತ್ತೆ ಗಂಡಿನ ಹತ್ತಿರ ಬಿಡಬಾರದು.

ಬಣ್ಣದ ಲೆಕ್ಕದಲ್ಲೂ ಮೋಸ ಹೋಗುವುದು ಸುಲಭ. ಬೋವಾಗಳಲ್ಲಿ ಮೈಯಲ್ಲಿ ಕಪ್ಪು ಬಣ್ಣವಿಲ್ಲದ ಅಲ್ಬಿನೊ ಎರಡು ವಂಶದ್ದಿದೆ, ಕಾಲ್ ಮತ್ತು ಶಾರ್ಪ್. ಒಂದು ಕಾಲ್, ಒಂದು ಶಾರ್ಪ್ ಕೂಡಿಸಿದರೆ ಎಲ್ಲವೂ ಸಾಮಾನ್ಯ ಬಣ್ಣದ ಮರಿಗಳೇ, ಏಕೆಂದರೆ ಎರಡೂ ಬೇರೆ ಬೇರೆ ಜೀನ್. ಯಾವ ವಂಶ ಎಂದು ಹೇಳಲಾರದ ಮಾರಾಟಗಾರನಿಂದ ಅಲ್ಬಿನೊ ಜೋಡಿ ಕೊಳ್ಳುವುದು ವ್ಯರ್ಥ.

ಮರಿ ಮಾಡಿಸುವುದು ಬೇಡ ಎನ್ನಲು ಇದಕ್ಕೂ ದೊಡ್ಡ ಕಾರಣ ಒಂದು ರೋಗ. ರೆಪ್ಟಾರೆನಾ ಎಂಬ ವೈರಸ್ ಗುಂಪಿನಿಂದ ಬರುವ ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಕಾಯಿಲೆಗೆ ಔಷಧವಿಲ್ಲ. ಬೋವಾ ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ಅದನ್ನು ಹೊತ್ತಿರಬಲ್ಲದು. ಪೈಥಾನ್‌ಗೆ ತಗುಲಿದರೆ ಬೇಗ ಸಾಯುತ್ತದೆ. ಹಾವಿನ ಮೈಯ ಉಣ್ಣಿಯಂಥ ಹುಳಗಳಿಂದಲೂ ಇದು ಹರಡುವ ಶಂಕೆಯಿದೆ. ಹೊಸದಾಗಿ ಬಂದ ಹಾವನ್ನು ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ಚಿಮಟ, ಬೇರೆ ನೀರಿನ ಪಾತ್ರೆಯೊಂದಿಗೆ ಇಡಬೇಕು. ಹಾಗಾಗಿ ಬೋವಾ, ಬಾಲ್ ಪೈಥಾನ್ ಎರಡನ್ನೂ ಸಾಕೋಣ ಎಂದು ಒಂದೇ ಕೋಣೆಯಿರುವವರು ಯೋಚಿಸಬಾರದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಮರಿ ಹೆಚ್ಚಾದಾಗ ಕೆಲಗೇರಿ ಕೆರೆಯ ಕಡೆಗೋ ಕಪ್ಪತಗುಡ್ಡದ ಕಾಡಿಗೋ ಬಿಟ್ಟರಾಯಿತು ಎಂಬ ಮಾತನ್ನು ನಾನು ಕೇಳಿದ್ದೇನೆ, ಕೇಳಿ ನಡುಗಿದ್ದೇನೆ. ಕೆರಿಬಿಯನ್ ಸಮುದ್ರದ ಅರುಬಾ ದ್ವೀಪದಲ್ಲಿ ಹೊರಗಿನಿಂದ ಬಂದ ಬೋವಾ ನೆಲೆಯೂರಿ, ಅಲ್ಲಿನ ಹಕ್ಕಿ, ಹಲ್ಲಿಗಳನ್ನು ತಿನ್ನುತ್ತಿದೆ. ಈಗ ಅದನ್ನು ತೊಲಗಿಸಲು ಆಗುತ್ತಿಲ್ಲ.

ಯಾರಿಗೆ ಯಾವುದು

ಬಾಡಿಗೆ ಮನೆ, ಬದಲಾಗುವ ನೌಕರಿ, ಕಡಿಮೆ ಹಣ ಇರುವವರಿಗೆ ಕಾರ್ನ್ ಸ್ನೇಕ್. ಮನೆಯ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನೋಂದಣಿ ಮಾಡಿಸಲು ಸಿದ್ಧರಿದ್ದು, ಜಾಗ ಕಡಿಮೆಯಿದ್ದು, ತಾಳ್ಮೆ ಹೆಚ್ಚಿರುವವರಿಗೆ ಬಾಲ್ ಪೈಥಾನ್. ಸ್ವಂತ ಮನೆಯ ನೆಲಮಹಡಿಯಲ್ಲಿ ತಂಪಾದ ಒಂದು ಕೋಣೆ, ವಿದ್ಯುತ್ತಿಗೆ ಮತ್ತು ಇನ್ವರ್ಟರಿಗೆ ಹಣ, ಮನೆಯಲ್ಲಿ ಇನ್ನೊಬ್ಬ ಆಸಕ್ತರು, ಎಲ್ಲವೂ ಇದ್ದರೆ ಬೋವಾ ಇಂಪರೇಟರ್‌ನ ಒಂದು ಗಂಡು. ಒಂದೇ ಒಂದು. ಹೆಣ್ಣು ಬೇಕೆಂದರೆ ಗಂಡನ್ನು ಕೆಲವು ವರ್ಷ ಸಾಕಿದ ಮೇಲೆ ಯೋಚಿಸಿ. ಮರಿ ಮಾಡಿಸುವುದೇ ಗುರಿಯಾಗಿದ್ದರೆ ಕಾರ್ನ್ ಸ್ನೇಕ್‌ನಿಂದ ಕಲಿಯಿರಿ, ಬೋವಾದಿಂದ ಶುರು ಮಾಡಬೇಡಿ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಗೆ ಈ ನಾಲ್ಕರಲ್ಲಿ ಯಾವುದೂ ಈಗ ಬೇಡ. ಸರೀಸೃಪಗಳ ಮೈಯಲ್ಲಿರುವ ಸಾಲ್ಮೊನೆಲ್ಲಾ ಆ ವಯಸ್ಸಿನವರನ್ನು ಹೆಚ್ಚು ಕಾಡುತ್ತದೆ. ಮಕ್ಕಳ ಕುತೂಹಲ ತಣಿಸಲು ಗದಗದ ಬಿಂಕದಕಟ್ಟಿ ಮೃಗಾಲಯಕ್ಕೆ ಕರೆದೊಯ್ಯಿರಿ.

ನಿರ್ಧಾರ ಆದ ಮೇಲೂ ಹಾವು ಕೊನೆಗೆ ಬರಲಿ. ಮೊದಲು ಗೂಡು ಕಟ್ಟಿಸಿ, ಹೀಟರ್, ಥರ್ಮೋಸ್ಟಾಟ್ ಜೋಡಿಸಿ, ಎರಡೂ ತುದಿಗೆ ಒಂದೊಂದು ಉಷ್ಣಮಾಪಕ ಇಟ್ಟು, ಎರಡು ವಾರ ಖಾಲಿ ಗೂಡನ್ನೇ ನಡೆಸಿ ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿಯ ಅಂಕಿ ಬರೆದಿಡಿ. ಇದಕ್ಕೆ ಅಕ್ಟೋಬರ್ ಒಳ್ಳೆಯ ತಿಂಗಳು: ಮಳೆಗಾಲದ ಜಿಟಿಜಿಟಿ ಕಡಿಮೆಯಾಗಿರುತ್ತದೆ, ಚಳಿ ಇನ್ನೂ ಬಂದಿರುವುದಿಲ್ಲ. ಅಂಕಿಗಳು ನಿಂತ ಮೇಲೆ ಮಾರಾಟಗಾರರ ಮನೆಗೆ ಹೋಗಿ, ಹಾವು ನಿಮ್ಮ ಕಣ್ಣೆದುರೇ ಒಂದು ಇಲಿ ತಿನ್ನುವುದನ್ನು ನೋಡಿ. ಬಾಯಿಯ ಒಳಗು, ಮೂಗು, ಗಲ್ಲದ ಕೆಳಗಿನ ಮಡಿಕೆಗಳಲ್ಲಿ ಹುಳವಿದೆಯೇ ಎಂದು ಬೆಳಕು ಹಿಡಿದು ಪರೀಕ್ಷಿಸಿ. ತಿಂದ ಹಾವನ್ನು ಅದೇ ದಿನ ಪ್ರಯಾಣ ಮಾಡಿಸಬೇಡಿ. ವಾರ ಬಿಟ್ಟು, ಹಸ್ತಾಂತರದ ಪತ್ರ ಕೈಗೆ ಬಂದ ಮೇಲೆ ತನ್ನಿ.